ಇವತ್ತು ದಕ್ಕೆಯಿಂದ

ತಪ್ಪು ಕಂಡರೆ ವಿಮಲಮ್ಮ ಟೀಚರ ಕೈ ಸುಮ್ಮನಿರುವುದಿಲ್ಲ. ಮದುವೆಯ ಕರೆಯೋಲೆ ಬಂದರೆ ಮುಹೂರ್ತ ನೋಡುವ ಮೊದಲು ಕಾಗುಣಿತ ನೋಡುತ್ತಾರೆ. ಕೊಟ್ಟಿಗೆಹಾರದ ಹೋಟೆಲೊಂದರಲ್ಲಿ ‘ಬಿಸಿ ಊಟ ದೊರೆಯುತದೆ’ ಎಂದಿದ್ದುದನ್ನು ಮೂರು ಸಲ ಹೇಳಿ ತಿದ್ದಿಸಿದವರು ಅವರೇ. ಈಗಲೂ ಅವರು ನೀರುದೋಸೆಗೆಂದು ಒಳಗೆ ಬಂದರೆ ಹೋಟೆಲಿನವರು ಬೋರ್ಡನ್ನು ಗೋಡೆ ಕಡೆ ತಿರುಗಿಸಿ ಇಡುತ್ತಾರೆಂದು ಊರಿನವರು ನಗುವುದುಂಟು. ಕಳಸದ ದಾರಿಯ ಸರ್ಕಾರಿ ಶಾಲೆಯಲ್ಲಿ ಮೂವತ್ತಮೂರು ವರ್ಷ ಕನ್ನಡ, ಸಮಾಜ ಎರಡನ್ನೂ ಕಲಿಸಿದ್ದಾರೆ. ಈ ಏಪ್ರಿಲ್ ಕೊನೆಗೆ ನಿವೃತ್ತಿ. ಶಾಲೆ ಮಾತ್ರ ಏಪ್ರಿಲ್ ಹತ್ತಕ್ಕೇ ಮುಗಿಯುವುದರಿಂದ ಮಕ್ಕಳ ಎದುರು ನಿಲ್ಲುವ ಕೊನೆಯ ದಿನ ಅದು.

ಸಂಕಟ ಶುರುವಾದದ್ದು ನವೆಂಬರಿನಲ್ಲಿ, ಐದನೇ ತರಗತಿಯ ಸಮಾಜ ಪಾಠದಲ್ಲಿ. ಮೂರು ಕಡೆ ನೀರಿದ್ದರೆ ಪರ್ಯಾಯ ದ್ವೀಪ, ನಾಲ್ಕೂ ಕಡೆ ನೀರಿದ್ದರೆ ದ್ವೀಪ ಎಂದು ಎಂದಿನಂತೆ ಹೇಳಿ, ನಮ್ಮ ಮಲ್ಪೆಯ ಎದುರಿಗೇ ಸಮುದ್ರದಲ್ಲಿ ಸಣ್ಣ ದ್ವೀಪಗಳಿವೆ ನೋಡಿ ಎಂದು ಸೇರಿಸಿದರು. ಎಸ್ಟೇಟಿನ ಕೂಲಿ ಲೈನಿನ ಬೆಳ್ಳಿಯಪ್ಪನ ಮೊಮ್ಮಗಳು ಕುಸುಮಾ ಎದ್ದು ನಿಂತಳು.

“ಟೀಚರ್, ನೀವು ಆ ದ್ವೀಪಕ್ಕೆ ಹೋಗಿದೀರಾ?”

“ಹೂಂ, ಹೋಗದೆ ಏನು?”

“ಅಲ್ಲಿ ಕಲ್ಲು ಹೆಂಗಿದ್ವು ಟೀಚರ್?”

ವಿಮಲಮ್ಮ ಕ್ಷಣವೂ ತಡೆಯಲಿಲ್ಲ. “ಸಮುದ್ರದ ಕಲ್ಲು ಹೇಗಿರ್ತವೆ? ಅಲೆ ಬಡಿದು ಬಡಿದು ಉರುಟಾಗಿ, ದುಂಡಗೆ, ನುಣ್ಣಗೆ.”

ಕುಸುಮಾ ಟೀಚರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಲೆ ತಗ್ಗಿಸಿ, “ಹೌದು ಟೀಚರ್” ಎಂದು ಕೂತಳು.

ಆ ‘ಹೌದು ಟೀಚರ್’ ವಿಮಲಮ್ಮನವರಿಗೆ ಸರಿ ಕೇಳಿಸಲಿಲ್ಲ. ಸಂಜೆ ಬೆಳ್ಳಿಯಪ್ಪ ದಾರಿಯಲ್ಲಿ ಸಿಕ್ಕಾಗ ವಿಚಾರಿಸಿದರೆ, ಹುಡುಗಿಯ ಸೋದರಮಾವ ಮಲ್ಪೆಯಲ್ಲಿ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದಾನೆ, ಬೇಸಿಗೆಯಲ್ಲಿ ಹದಿನೈದು ದಿನ ಅವಳು ಅಲ್ಲೇ ಇದ್ದಳು, ದ್ವೀಪಕ್ಕೂ ಕರೆದುಕೊಂಡು ಹೋಗಿದ್ದ ಎಂದ. ಮನೆಗೆ ಬಂದು ಫೋನಿನಲ್ಲಿ ಹುಡುಕಿದರು. ಆ ದ್ವೀಪದ ಕಲ್ಲುಗಳು ಉರುಟಲ್ಲ. ಆರು ಮೂಲೆಯ ಕಂಬಗಳು, ಯಾರೋ ಅಳತೆ ಹಿಡಿದು ಕೊರೆದು ಒತ್ತೊತ್ತಾಗಿ ನಿಲ್ಲಿಸಿದ ಹಾಗಿವೆ. ನೋಡಲು ಹೋಗುವವರೆಲ್ಲ ಹೋಗುವುದೇ ಆ ಕಲ್ಲಿಗಾಗಿ. ಹತ್ತು ವರ್ಷದ ಹುಡುಗಿಗೆ ಟೀಚರ ಸುಳ್ಳು ಆ ಕ್ಷಣದಲ್ಲೇ ಗೊತ್ತಾಗಿತ್ತು. ಗೊತ್ತಾಗಿಯೂ ಅವಳು ಟೀಚರ ಮಾನ ಉಳಿಸಿದ್ದಳು. ವಿಮಲಮ್ಮನವರಿಗೆ ತಡೆಯಲಾಗದೇ ಹೋದದ್ದು ಈ ಎರಡನೆಯದು.

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ಕೇಳುವುದು ಸುಲಭ. ತರಬೇತಿಯ ಕಾಲದಲ್ಲಿ ಯಾರೋ ಹಿರಿಯ ಮೇಷ್ಟ್ರು, ತರಗತಿಯಲ್ಲಿ ಗೊತ್ತಿಲ್ಲ ಎಂದವರನ್ನು ಮಕ್ಕಳು ಮತ್ತೆ ನಂಬುವುದಿಲ್ಲ ಎಂದಿದ್ದರು. ವಿಮಲಮ್ಮ ಅದನ್ನು ವೇದವಾಕ್ಯ ಮಾಡಿಕೊಂಡವರು. ಮೂವತ್ತಮೂರು ವರ್ಷದಲ್ಲಿ ಕಪ್ಪುಹಲಗೆಯ ಮುಂದೆ ನಿಂತು ಅವರು ಆ ಮಾತು ಆಡಿದ್ದಿಲ್ಲ. ಈಗಲೂ ಅವರಿಗೆ ಹೊಳೆದ ದಾರಿ ಒಂದೇ: ಏಪ್ರಿಲ್ ಹತ್ತರೊಳಗೆ ಆ ದ್ವೀಪದ ಮೇಲೆ ಕಾಲಿಡುವುದು, ಕಲ್ಲು ಮುಟ್ಟಿ ನೋಡುವುದು, ಬಂದು ಕುಸುಮಾಳಿಗೆ “ಆರು ಮೂಲೆ ಇದೆ ಕಣೆ, ನಾನು ಮರೆತಿದ್ದೆ” ಎನ್ನುವುದು. ಸುಳ್ಳನ್ನು ಅಳಿಸಲು ಆಗದಿದ್ದರೂ ಕಾಲು ಭಾಗವಾದರೂ ನಿಜ ಮಾಡಬಹುದೆಂಬ ಆಸೆ.

ಅದಕ್ಕೆ ಅಡ್ಡ ಬಂದದ್ದು ಸಮುದ್ರವಲ್ಲ, ಗಂಡ.

ಮಲ್ಲಿಕಾರ್ಜುನ ಕೆಟ್ಟವರಲ್ಲ. ನಾಲ್ಕೂವರೆ ಎಕರೆ ರೊಬಸ್ಟಾ ಕಾಫಿಯನ್ನು ಮಕ್ಕಳ ಹಾಗೆ ನೋಡಿಕೊಂಡಿದ್ದಾರೆ, ಹೆಂಡತಿಗೆ ಎದುರಾಡಿದವರಲ್ಲ. ಆದರೆ ಒಂದು ನಿರ್ಧಾರಕ್ಕೆ ಬರಲು ಅವರಿಗೆ ಊರೆಲ್ಲ ಬೇಕು. ಬಾವಿ ತೆಗೆಸಲು ಏಳು ಜನರನ್ನು ಕೇಳಿ ಏಳು ಜಾಗ ಗುರುತು ಹಾಕಿಸಿ ಕೊನೆಗೆ ಕೆರೆಯ ನೀರಿನಲ್ಲೇ ಕಾಲ ಕಳೆದವರು. ವಿಮಲಮ್ಮನನ್ನು ನೋಡಿ ಹೋದ ಮೇಲೆ ಒಪ್ಪಿಗೆ ಹೇಳಲು ಎಂಟು ತಿಂಗಳು ತೆಗೆದುಕೊಂಡರು. ಅಷ್ಟರಲ್ಲಿ ಇನ್ನೊಂದು ಗಂಡು ಬಂದು ಕಾಫಿ ಕುಡಿದು ಹೋಗಿತ್ತು. “ನಂಗೆ ಗೊತ್ತಿಲ್ಲ, ಯಾರನ್ನಾದ್ರೂ ಕೇಳಾಣ” ಎಂಬುದು ಅವರ ಬಾಯಿಪಾಠ. ಆ ಮಾತು ಕೇಳಿದರೆ ವಿಮಲಮ್ಮನವರಿಗೆ ಮೈಯೆಲ್ಲ ಉರಿಯುತ್ತದೆ.

ಕಡಲತೀರದವರಿಗೆ ಬಂದರು ಆರಿಸುವುದೆಂದರೆ ಬಂದರು ಆರಿಸುವುದು. ಬೆಟ್ಟದವರಿಗೆ ಹಾಗಲ್ಲ, ಮೊದಲು ಘಾಟಿ ಆರಿಸಬೇಕು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಸುತ್ತಿ ಹೋಗುವುದೋ, ಕಳಸ, ಕುದುರೆಮುಖ ದಾಟಿ ಕಾರ್ಕಳಕ್ಕೆ ಇಳಿಯುವುದೋ? ದ್ವೀಪಕ್ಕೆ ಬೋಟು ಎಲ್ಲಿಂದ ಹತ್ತುವುದು? ಮಲ್ಪೆಯಿಂದ ಹತ್ತಬಹುದು. ಅಲ್ಲಿಂದ ನಲವತ್ತೈವತ್ತು ನಿಮಿಷದ ದಾರಿಯ ಹೊಳೆಕೋಡಿ ಎಂಬಲ್ಲಿನ ಸಣ್ಣ ಜೆಟ್ಟಿಯಿಂದಲೂ ಬೋಟು ಬಿಡುತ್ತಾರಂತೆ, ಅಲ್ಲಿ ನೂಕುನುಗ್ಗಲಿಲ್ಲವಂತೆ. ಈ ‘ಅಂತೆ’ಯನ್ನು ತಂದವರು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಗುರುವಯ್ಯ. ಅವರು ಹೊಳೆಕೋಡಿಗೆ ಹೋದವರಲ್ಲ, ಅವರ ಷಡ್ಡಕ ಹೋಗಿದ್ದನಂತೆ.

ಡಿಸೆಂಬರ್ ಪೂರ್ತಿ ಹಣ್ಣು ಕೊಯ್ಲು. ಜನವರಿಯಲ್ಲಿ ಕಣದಲ್ಲಿ ಕಾಫಿ ಒಣಗುತ್ತಿತ್ತು. ಅದನ್ನು ಬಿಟ್ಟು ಬೆಳೆಗಾರ ಎಲ್ಲಿಗೂ ಹೋಗುವುದಿಲ್ಲ, ಅದನ್ನು ವಿಮಲಮ್ಮ ಒಪ್ಪಿದರು. ಫೆಬ್ರವರಿಯಲ್ಲಿ ಹೂವಿಗೆ ಸ್ಪ್ರಿಂಕ್ಲರ್ ನೀರು. ಅದನ್ನೂ ಒಪ್ಪಿದರು. ಮಾರ್ಚಿನಲ್ಲಿ ತೋಟದ ಕೆಲಸ ಮುಗಿದಿತ್ತು, ನೆಪ ಮುಗಿದಿರಲಿಲ್ಲ. ಒಂದು ಭಾನುವಾರ ಚಾರ್ಮಾಡಿಯಲ್ಲಿ ಲಾರಿ ಕೆಟ್ಟು ನಿಂತಿದೆಯೆಂದು ಯಾರೋ ಹೇಳಿದರು. ಮತ್ತೊಂದು ಭಾನುವಾರ ಓಮ್ನಿಯ ಬ್ರೇಕ್ ತೋರಿಸಬೇಕೆಂದರು. ಮೂರನೆಯ ಭಾನುವಾರ ಹೊರಟು ಬಾಗಿಲಿಗೆ ಬೀಗ ಹಾಕಿದ ಮೇಲೆ, “ಮಲ್ಪೆನೋ ಹೊಳೆಕೋಡಿನೋ ಇನ್ನೊಂದು ಸಲ ಗುರುವಯ್ಯಂಗೆ ಕೇಳ್ಬಿಡಾಣ” ಎಂದು ಹೋದವರು ಹನ್ನೊಂದು ಗಂಟೆಗೆ ತಿರುಗಿ ಬಂದರು. ಅಲ್ಲಿ ತಿಂಡಿ ಬೇರೆ ಆಗಿತ್ತು.

ವಿಮಲಮ್ಮ ಉಟ್ಟಿದ್ದ ಹೊಸ ಸೀರೆಯಲ್ಲೇ ಜಗಲಿಯಲ್ಲಿ ಕೂತಿದ್ದರು.

“ಮೀನಮೇಷ ಎಣಿಸೋದ್ರಲ್ಲೇ ನಿಮ್ಮ ಆಯುಷ್ಯ ಮುಗೀತು” ಎಂದರು. “ಆ ಮೀನಾದ್ರೂ ನೀರಲ್ಲಿದೆ, ನಾನು ಅದನ್ನೂ ಕಾಣಲಿಲ್ಲ.”

“ಸಿಟ್ಟು ಮಾಡ್ಬೇಡ ಮಾರಾಯ್ತಿ. ತಪ್ಪು ಕಡೆ ಹೋಗಿ ಸುಮ್ನೆ ವಾಪಸ್ ಬರೋದಕ್ಕಿಂತ ಕೇಳೋದು ಒಳ್ಳೇದಲ್ವಾ?”

“ಮುಂದಿನ ಭಾನುವಾರ ನಾನು ಹೇಳಿದ ಕಡೆ ಗಾಡಿ ತಿರುಗಬೇಕು. ನೀವು ಯಾರನ್ನೂ ಕೇಳಕೂಡ್ದು. ದೇವರನ್ನೂ ಸಹ.”

ಆ ರಾತ್ರಿಯೇ ವಿಮಲಮ್ಮ ತಾವಾಗಿ ಮಲ್ಪೆಯ ಬೋಟಿನವರೊಬ್ಬರ ನಂಬರು ಹುಡುಕಿ ಫೋನ್ ಮಾಡಿದರು. ಸಂಜೀವಣ್ಣ ಎಂಬವರು ಎತ್ತಿಕೊಂಡರು. ಒಳ್ಳೆಯ ಮನುಷ್ಯ. ಏಪ್ರಿಲ್ ಐದು, ಭಾನುವಾರ, ಹತ್ತೂವರೆಗೆ ಬೀಚಿಗೆ ಬನ್ನಿ, ಇಬ್ಬರಿಗೆ ಜಾಗ ಇಡುತ್ತೇನೆ ಎಂದರು. ಎಲ್ಲ ಸೇರಿ ಎರಡು ನಿಮಿಷ. ಐದು ತಿಂಗಳು ಗಂಡ ಮಾಡಲಾಗದ್ದನ್ನು ಎರಡು ನಿಮಿಷದಲ್ಲಿ ಮಾಡಿದ ಸಂತೋಷಕ್ಕೆ ವಿಮಲಮ್ಮ ಎರಡು ದಿನ ಯಾರ ತಪ್ಪನ್ನೂ ತಿದ್ದಲಿಲ್ಲ.

ಆ ಭಾನುವಾರ ಬೆಳಿಗ್ಗೆ ಬೇಗ ಹೊರಟರು. ಕುದುರೆಮುಖದ ದಾರಿ ಎಂದು ವಿಮಲಮ್ಮ ಹೇಳಿದರು, ಗಾಡಿ ತಿರುಗಿತು. ಗಣಿ ಕಂಪನಿಯ ಖಾಲಿ ಮನೆಗಳ ಸಾಲು ಬಂದಾಗ ಮಲ್ಲಿಕಾರ್ಜುನ ಅಭ್ಯಾಸಬಲದಿಂದ ಒಂದು ಟೀ ಅಂಗಡಿಯ ಮುಂದೆ ಗಾಡಿ ನಿಧಾನ ಮಾಡಿದರು. ವಿಮಲಮ್ಮ ಅವರ ಕಡೆ ನೋಡಿದ್ದೇ ತಡ, ಗಾಡಿ ಮುಂದೆ ಹೋಯಿತು. ಕಾಡಿನ ದಾರಿಯಲ್ಲಿ ಫೋನಿಗೆ ಸಿಗ್ನಲ್ಲಿಲ್ಲ. ಕಾಡು ಇಳಿದು ಮಾಳದ ಹತ್ತಿರ ಬಂದಾಗ ವಿಮಲಮ್ಮ ಗಂಟೆ ನೋಡಲು ಫೋನು ತೆಗೆದರೆ ಸಂಜೀವಣ್ಣನ ಒಂದು ಮೆಸೇಜು ಬಂದು ಕೂತಿತ್ತು.

‘ಅಕ್ಕ ಬೀಚಿಂದ ಬೋಟು ಇಲ್ಲ ಇವತ್ತು ದಕ್ಕೆಯಿಂದ’

ವಿಮಲಮ್ಮ ಓದಿದರು. ಮತ್ತೆ ಓದಿದರು. ಮುಖ ಕೆಂಪಗಾಯಿತು.

“ಏನಂತೆ?” ಎಂದರು ಮಲ್ಲಿಕಾರ್ಜುನ.

“ಏನಂತೆ! ಬೋಟಿಗೆ ಧಕ್ಕೆ ಆಗಿದೆಯಂತೆ, ಹಾಗಾಗಿ ಇವತ್ತು ಇಲ್ವಂತೆ. ಬರೆಯೋ ಚಂದ ನೋಡಿ. ಧ ಬರೆಯೋ ಕಡೆ ದ ಬರೆದಿದ್ದಾನೆ, ಮಹಾಪ್ರಾಣಾನೇ ಇಲ್ಲ. ಯಾವುದಕ್ಕೆ ಧಕ್ಕೆ, ಎಷ್ಟು ಧಕ್ಕೆ, ಒಂದೂ ಹೇಳಿಲ್ಲ. ಒಂದು ಪೂರ್ಣವಿರಾಮ ಹಾಕೋಕೂ ಇವರಿಗೆ ಪುರುಸೊತ್ತಿಲ್ಲ.”

ಮಲ್ಲಿಕಾರ್ಜುನ ಗಾಡಿ ಬದಿಗೆ ನಿಲ್ಲಿಸಿದರು. ಮೆಸೇಜನ್ನು ತಾವೂ ಓದಿದರು. “ಇದು ನಂಗೆ ಸರಿಯಾಗಿ ಗೊತ್ತಾಗ್ಲಿಲ್ಲ ವಿಮಲಾ. ಒಂದ್ಸಲ ಫೋನ್ ಮಾಡಿ ಕೇಳಾಣ?”

ಕೇಳಾಣ! ಐದು ತಿಂಗಳಿಂದ ಒಳಗೇ ಕುದಿಯುತ್ತಿದ್ದುದೆಲ್ಲ ಆ ಒಂದು ಮಾತಿಗೆ ಉಕ್ಕಿ ಬಂತು.

“ಕನ್ನಡ ನಂಗೆ ನೀವು ಹೇಳಿಕೊಡೋದು ಬೇಡ. ಮೂವತ್ತಮೂರು ವರ್ಷ ಅದನ್ನೇ ತಿಂದು ಬದುಕಿದೀನಿ. ಹೊಳೆಕೋಡಿಗೆ ನಡೀರಿ. ಅಲ್ಲಿಂದಾನೂ ಬೋಟಿದೆ ಅಂತ ನಿಮ್ಮ ಗುರುವಯ್ಯನೇ ಅಲ್ವಾ ಹೇಳಿದ್ದು? ಇವತ್ತೊಂದು ದಿನ ಯಾರನ್ನೂ ಕೇಳದೆ ಬದುಕಿ ನೋಡಾಣ.”

ಫೋನನ್ನು ಬ್ಯಾಗಿಗೆ ತುರುಕಿ ಜಿಪ್ ಎಳೆದರು. ಶಾಲೆಯ ಅಭ್ಯಾಸದಿಂದ ಆ ಫೋನು ಯಾವಾಗಲೂ ಸೈಲೆಂಟಿನಲ್ಲೇ ಇರುತ್ತದೆ. ಮಲ್ಲಿಕಾರ್ಜುನ ಗಾಡಿ ಹೊರಡಿಸಿದರು.

ಹೊಳೆಕೋಡಿ ಸಿಕ್ಕುವುದು ಸುಲಭವಾಗಲಿಲ್ಲ. ಯಾರನ್ನೂ ಕೇಳಕೂಡದೆಂದು ತಾವೇ ವಿಧಿಸಿದ್ದರಿಂದ ವಿಮಲಮ್ಮ ಎರಡು ಕಡೆ ತಪ್ಪು ತಿರುವು ಹೇಳಿದರು. ಒಂದು ಸಲ ಯಾರದೋ ಮನೆಯಂಗಳಕ್ಕೇ ಹೋಗಿ ನಿಂತು, ಒಣಹಾಕಿದ್ದ ಹಪ್ಪಳದ ಚಾಪೆಯಿಂದ ಒಂದು ಗೇಣು ದೂರದಲ್ಲಿ ಗಾಡಿ ಹಿಂದೆ ತಿರುಗಿಸಬೇಕಾಯಿತು. ಹೊಳೆಕೋಡಿ ಮುಟ್ಟಿದಾಗ ಹನ್ನೊಂದೂವರೆ ದಾಟಿತ್ತು. ಹೊಳೆ ಸಮುದ್ರ ಸೇರುವ ಜಾಗ. ಸಿಮೆಂಟಿನ ಸಣ್ಣ ಜೆಟ್ಟಿ, ಅದಕ್ಕೆ ಕಟ್ಟಿದ ಒಂದೇ ಬೋಟು, ಬೋಟಿನ ಮೇಲೆ ಹೊದೆಸಿದ ನೀಲಿ ಟಾರ್ಪಾಲು. ಮನುಷ್ಯರೆಂದರೆ ಮರಳಿನ ಮೇಲೆ ಕೂತು ಬಲೆ ಬಿಡಿಸುತ್ತಿದ್ದ ಒಬ್ಬ ಹೆಂಗಸು.

“ದ್ವೀಪದ ಬೋಟು ಎಷ್ಟೊತ್ತಿಗೆ?” ಎಂದು ವಿಮಲಮ್ಮ ಕೇಳಿದರು.

“ಇಲ್ಲಿಂದ ಎಲ್ಲಿ ಅಕ್ಕ? ಹತ್ತು ಹದಿನೈದು ಜನ ಒಟ್ಟಿಗೆ ಬಂದ್ರೆ ಮಾತ್ರ ಬಿಡುದು. ಮೊದಲೇ ಹೇಳಿ ಇಡ್ಬೇಕು. ಮಲ್ಪೆಗೆ ಹೋಗಿ ನೀವು.”

“ಮಲ್ಪೆಯಲ್ಲಿ ಬೋಟು ಹಾಳಾಗಿದೆ. ಧಕ್ಕೆಯಾಗಿದೆ ಅಂತ ಅವರೇ ಬರೆದು ಕಳಿಸಿದಾರೆ” ಎಂದು ವಿಮಲಮ್ಮ ಸಾಕ್ಷಿಯ ಹಾಗೆ ಫೋನು ತೆಗೆದು ಚಾಚಿದರು. ಫೋನಿನ ಮೇಲೆ ಸಂಜೀವಣ್ಣನ ಹೆಸರಿನಲ್ಲಿ ನಾಲ್ಕು ಮಿಸ್ಡ್ ಕಾಲ್‌ಗಳಿದ್ದವು.

ಹೆಂಗಸು ಬಲೆ ಕೆಳಗಿಟ್ಟು ಬಂದು ಓದಿದಳು. ಓದಿ ನಕ್ಕಳು. ವಿಮಲಮ್ಮನವರಿಗೆ ಆ ನಗು ಇವತ್ತಿಗೂ ಕೇಳಿಸುತ್ತದೆ.

“ಹಾಳಾದದ್ದಲ್ಲ ಅಕ್ಕ! ದಕ್ಕೆ ಅಂದ್ರೆ ಬಂದರಿನಲ್ಲಿ ಬೋಟು ನಿಲ್ಲುವ ಕಟ್ಟೆ. ಬೀಚಿಂದ ಇಲ್ಲ, ಇವತ್ತು ದಕ್ಕೆಯಿಂದ ಬೋಟು ಅಂತ ಬರ್ದದ್ದು ಅವ್ರು. ಸರಿಯಾಗಿಯೇ ಉಂಟಲ್ಲ! ನೀವು ಎಲ್ಲಿಯವ್ರು? ಘಟ್ಟದ ಮೇಲಿನವ್ರಾ?”

ವಿಮಲಮ್ಮ ಹೂಂ ಎಂದರು. ನಿಂತಲ್ಲೇ ಅವರಿಗೆ ಎಲ್ಲ ಗೊತ್ತಾಗಿಹೋಯಿತು. ಆ ಬಡಪಾಯಿ ದ ಎಂದೇ ಬರೆದಿದ್ದ, ದ ಎಂದೇ ಬರೆಯಬೇಕಿತ್ತು. ಅದಕ್ಕೆ ಮಹಾಪ್ರಾಣ ಹಚ್ಚಿದವರು ಯಾರು? ಅದನ್ನು ಹಾನಿ ಮಾಡಿದವರು ಯಾರು? ತಾವೇ ತಿದ್ದಿದ್ದರು, ತಿದ್ದಿದ್ದೇ ತಪ್ಪಾಗಿತ್ತು.

ತಿರುಗಿ ಫೋನ್ ಮಾಡಲು ನಾಚಿಕೆಯಾಗಿ ನೇರ ಮಲ್ಪೆಗೆ ಬಂದಾಗ ಒಂದು ಗಂಟೆ. ಬಂದರಿನ ಗೇಟಿನ ಒಳಗೆ ಐಸಿನ ನೀರು ಹರಿದ ದಾರಿ, ಮೀನಿನ ಬುಟ್ಟಿಗಳು, ಒಂದಕ್ಕೊಂದು ತಾಗಿ ಮೂರು ಸಾಲು ನಿಂತ ಬೋಟುಗಳು. ಒಂದು ಕಂಬದ ಮೇಲೆ ‘ಮೀನುಗಾರಿಕಾ ದಕ್ಕೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ವಿಮಲಮ್ಮ ಆ ಬೋರ್ಡನ್ನು ಒಂದು ಸಲ ನೋಡಿ ಮುಖ ತಿರುಗಿಸಿದರು. ಸಂಜೀವಣ್ಣ ಹಗ್ಗ ಸುತ್ತುತ್ತಿದ್ದವರು ಇವರನ್ನು ಕಂಡು ಎದ್ದರು.

“ಎಂತ ಅಕ್ಕ, ಹನ್ನೆರಡರವರೆಗೆ ಕಾದೆ. ನಾಲ್ಕು ಸಲ ಫೋನ್ ಮಾಡಿದೆ. ಈಗ ನೋಡಿ, ಗಾಳಿ ಎದ್ದಿತು. ಇನ್ನು ಇವತ್ತು ಬಿಡ್ಲಿಕ್ಕಿಲ್ಲ.”

“ಇಬ್ಬರೇ ಇರೋದು. ಹೇಗಾದ್ರೂ...” ಎಂದರು ವಿಮಲಮ್ಮ.

“ಇಬ್ಬರಿದ್ರೂ ಇಪ್ಪತ್ತು ಜನ ಇದ್ರೂ ಗಾಳಿಗೆ ಒಂದೇ ಅಲ್ವಾ ಅಕ್ಕ? ಮುಂದಿನ ಭಾನುವಾರ ಬನ್ನಿ. ನಾನೇ ಕರ್ಕೊಂಡು ಹೋಗ್ತೇನೆ.”

ಮುಂದಿನ ಭಾನುವಾರ ಹನ್ನೆರಡನೇ ತಾರೀಕು. ಅಷ್ಟೊತ್ತಿಗೆ ತರಗತಿಗೆ ಬೀಗ ಬಿದ್ದಿರುತ್ತದೆ, ಕುಸುಮಾ ಅಜ್ಜನ ಜೊತೆ ಎಲ್ಲಿಗೋ ಹೋಗಿರುತ್ತಾಳೆ, ವಿಮಲಮ್ಮ ಯಾರ ಟೀಚರೂ ಆಗಿರುವುದಿಲ್ಲ. ಇದನ್ನು ಸಂಜೀವಣ್ಣನಿಗೆ ಹೇಳಿ ಏನು ಪ್ರಯೋಜನ? ಬೋಟುಗಳ ಸಂದಿನಲ್ಲಿ ದೂರಕ್ಕೆ ದ್ವೀಪ ಕಾಣುತ್ತಿತ್ತು. ನೀರಿನ ಮೇಲೆ ಒಂದು ಸಣ್ಣ ಗೆರೆ, ಅದರ ಮೇಲೆ ನಾಲ್ಕಾರು ತೆಂಗಿನ ಮರ. ಅಲ್ಲಿಂದ ಕಲ್ಲು ಉರುಟೋ ಚೌಕವೋ ಆರು ಮೂಲೆಯೋ ಯಾರಿಗೂ ಹೇಳಲು ಬರುವಂತಿರಲಿಲ್ಲ. ವಿಮಲಮ್ಮನವರಿಗೆ ಅಳು ಬಂತು. ಸಿಟ್ಟಿನ ಅಳು.

ಮಲ್ಲಿಕಾರ್ಜುನ “ನಾನು ಹೇಳ್ಲಿಲ್ವಾ” ಎಂಬ ಒಂದು ಮಾತು ಆಡಲಿಲ್ಲ. ಆಡಿದ್ದರೆ ಒಂದು ಜಗಳವಾದರೂ ಆಗಿ ಹಗುರಾಗುತ್ತಿತ್ತು. ಅವರು ಎಲ್ಲಿಂದಲೋ ಎರಡು ಎಳನೀರು ತಂದು ಒಂದನ್ನು ಹೆಂಡತಿಯ ಕೈಗಿಟ್ಟರು. ವಾಪಸು ಹೊರಟು ಕಾರ್ಕಳ ದಾಟಿದರು. ಆಮೇಲೆ ವಿಮಲಮ್ಮನವರಿಗೇ ತಡೆಯಲಾಗಲಿಲ್ಲ.

“ಒಂದ್ಸಲ ಬೈದುಬಿಡಿ ನನ್ನ.”

“ಬೈಬೇಕೋ ಬೇಡವೋ ಗೊತ್ತಾಗ್ತಿಲ್ಲ ಮಾರಾಯ್ತಿ” ಎಂದರು ಮಲ್ಲಿಕಾರ್ಜುನ. ತಮಾಷೆಗೆ ಹೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ಏಪ್ರಿಲ್ ಹತ್ತು, ಶುಕ್ರವಾರ. ಬೀಳ್ಕೊಡುಗೆಯ ಹಾರ, ಶಾಲು, ಭಾಷಣ ಎಲ್ಲ ಮಧ್ಯಾಹ್ನಕ್ಕಿದ್ದವು. ಬೆಳಿಗ್ಗೆ ಮಾರ್ಕ್ಸ್ ಕಾರ್ಡ್ ಹಂಚಿ ಮುಗಿದ ಮೇಲೆ ಅರ್ಧ ಗಂಟೆ ಉಳಿಯಿತು. ಮಕ್ಕಳು ಕತೆ ಹೇಳಿ ಎಂದು ಗಲಾಟೆ ಮಾಡಿದರು. ವಿಮಲಮ್ಮ ಸೀಮೆಸುಣ್ಣ ಕೈಗೆತ್ತಿಕೊಂಡರು. ಐದು ದಿನದಿಂದ ಹೇಗೆ ಹೇಳುವುದೆಂದು ಕಟ್ಟಿಕೊಂಡಿದ್ದ ಚಂದದ ವಾಕ್ಯಗಳೆಲ್ಲ ಆ ಹೊತ್ತಿಗೆ ಕೈಕೊಟ್ಟವು. ಕಪ್ಪುಹಲಗೆಯ ಮೇಲೆ ‘ಧಕ್ಕೆ’ ಎಂದು ಬರೆದರು. ಅದರ ಪಕ್ಕದಲ್ಲಿ ‘ದಕ್ಕೆ’ ಎಂದು ಬರೆದರು.

“ಇದು ಹಾನಿ. ಇದು ಬೋಟು ನಿಲ್ಲೋ ಕಟ್ಟೆ. ಹೋದ ಭಾನುವಾರದವರೆಗೆ ನಂಗೆ ಎರಡನೇದು ಗೊತ್ತಿರಲಿಲ್ಲ” ಎಂದರು. “ಅದು ಗೊತ್ತಿಲ್ಲದ್ದಕ್ಕೆ ನಾನು ದ್ವೀಪಕ್ಕೆ ಹೋಗೋದು ತಪ್ಪಿತು. ನಾನು ಆ ದ್ವೀಪಕ್ಕೆ ಯಾವತ್ತೂ ಹೋಗಿಲ್ಲ. ನವೆಂಬರಿನಲ್ಲಿ ಹೋಗಿದೀನಿ ಅಂದಿದ್ದು ಸುಳ್ಳು. ಕಲ್ಲು ಉರುಟು ಅಂದಿದ್ದೂ ಸುಳ್ಳು.”

ತರಗತಿಯಲ್ಲಿ ಗುಸುಗುಸು ಎದ್ದಿತು. ಹಿಂದಿನ ಬೆಂಚಿನ ಒಬ್ಬ ಬಾಯಿ ತೆರೆದೇ ಕೂತಿದ್ದ. ಟೀಚರಾದವರೂ ಸುಳ್ಳು ಹೇಳುತ್ತಾರೆಂಬ ಸುದ್ದಿ ಅವನಿಗೆ ರಜೆಗಿಂತ ದೊಡ್ಡದಾಗಿತ್ತು.

“ಕುಸುಮಾ, ಬಾ ಇಲ್ಲಿ. ನೀನು ಹೋಗಿದೀಯ. ನೀನು ಹೇಳು.”

ವಿಮಲಮ್ಮ ಅವಳ ಜಾಗದಲ್ಲಿ ಹೋಗಿ ಕೂತರು. ಬೆಂಚು ತೀರ ತಗ್ಗಿನದು, ಮಂಡಿ ಹಲಗೆಗೆ ತಾಗುತ್ತಿತ್ತು. ಕುಸುಮಾ ಮುಂದೆ ಹೋಗಿ ಲಂಗದ ಅಂಚು ತಿರುಚುತ್ತ ನಿಂತಳು.

“ಅವತ್ತೇ ಹೇಳ್ಬೇಕು ಅನ್ಕೊಂಡೆ ಟೀಚರ್. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ.”

“ಈಗ ಬೇಜಾರಿಲ್ಲ. ಹೇಳು.”

ಅವಳು ಹೇಳಿದಳು. ಮೊದಲು ಮೆಲ್ಲಗೆ, ಆಮೇಲೆ ಕೈ ಬೀಸಿ. ಬೋಟು ಹತ್ತುವಾಗ ಮಾವನ ಚಪ್ಪಲಿ ನೀರಿಗೆ ಬಿದ್ದದ್ದು, ಹೋಗುವಾಗ ತಾನು ವಾಂತಿ ಮಾಡಿದ್ದು, ಮರಳಿನ ಬದಲು ಬರೀ ಚಿಪ್ಪೇ ಬಿದ್ದಿದ್ದದ್ದು, ಕಲ್ಲಿನ ಕಂಬ ಹತ್ತಲು ಹೋಗಿ ಗಾರ್ಡ್ ಕೈಲಿ ಬೈಸಿಕೊಂಡದ್ದು. ಸೀಮೆಸುಣ್ಣ ತೆಗೆದುಕೊಂಡು ಒಂದು ಕಲ್ಲಿನ ತಲೆ ಬರೆದು ಮೂಲೆ ಎಣಿಸಿದಳು. ಆರು. ಮಕ್ಕಳೆಲ್ಲ ಕೂಗಿ ಎಣಿಸಿದರು. ವಿಮಲಮ್ಮನವರೂ ಎಣಿಸಿದರು.

ಎಣಿಸುತ್ತಿದ್ದಾಗಲೇ ಅವರಿಗೊಂದು ಪ್ರಶ್ನೆ ಎದ್ದಿತು. ಪರೀಕ್ಷೆಗೆ ಕೇಳುವ ಪ್ರಶ್ನೆಯಲ್ಲ. ಉತ್ತರ ತಮಗೆ ಮೊದಲೇ ಗೊತ್ತಿಲ್ಲದ ಪ್ರಶ್ನೆ. ಅಂಥದೊಂದನ್ನು ಆ ಕೋಣೆಯಲ್ಲಿ ಅವರು ಹಿಂದೆಂದೂ ಕೇಳಿದ್ದಿಲ್ಲ. ಕೈ ಎತ್ತಿದರು.

“ಅಲ್ಲ ಕುಸುಮಾ, ಅದು ಐದಲ್ಲ, ಏಳಲ್ಲ, ಆರೇ ಮೂಲೆ ಯಾಕೆ?”

ಕುಸುಮಾ ಹಲಗೆ ನೋಡಿದಳು, ಟೀಚರನ್ನು ನೋಡಿದಳು.

“ಗೊತ್ತಿಲ್ಲ ಟೀಚರ್” ಎಂದಳು.

ಅಷ್ಟೇ. ಅವಳಿಗೆ ಅದನ್ನು ಹೇಳಲು ಅರ್ಧ ಉಸಿರೂ ಬೇಕಾಗಲಿಲ್ಲ. ಹೇಳಿ ಮುಗಿಸಿ, ಮತ್ತೆ ಮಾವನ ಚಪ್ಪಲಿ ಸಿಕ್ಕಿತೋ ಇಲ್ಲವೋ ಎಂಬ ಕತೆಗೆ ಹೋದಳು. ಮಕ್ಕಳು ಯಾರೂ ಅವಳನ್ನು ನಂಬುವುದು ಬಿಡಲಿಲ್ಲ, ಇನ್ನೂ ಮುಂದೆ ಬಗ್ಗಿ ಕೇಳುತ್ತಿದ್ದರು. ವಿಮಲಮ್ಮ ತಗ್ಗಿನ ಬೆಂಚಿನಲ್ಲಿ ಮಂಡಿ ನೋಯಿಸಿಕೊಂಡು ಕೂತೇ ಇದ್ದರು.

“ನಂಗೂ ಗೊತ್ತಿಲ್ಲ ಕಣೆ” ಎಂದರು. ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ.